ಮನೆಗೆ ಇಟ್ಟುಕೊಂಡ ಬೆಲ್ಲ

ನವೆಂಬರ್ 6

ಗೊಬ್ಬರದ ಅಂಗಡಿಯವರು ಕೊಟ್ಟ ಡೈರಿ ಇದು. ವರ್ಷವೆಲ್ಲ ಖಾಲಿ ಬಿದ್ದಿತ್ತು. ಇವತ್ತು ತೆಗೆದದ್ದು ಸಿಟ್ಟಿಗೆ. ಯಾರ ಮುಂದೆ ಹೇಳಿಕೊಂಡರೂ ನಗುತ್ತಾರೆ, ಡೈರಿ ನಗುವುದಿಲ್ಲ.

ಮೂರು ದಿನದಿಂದ ನೆಗಡಿ, ಮೈಕೈ ನೋವು, ಒಳಜ್ವರ. ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಒಲೆಯ ಮುಂದೆ ನಿಂತರೂ ಚಳಿ ಬಿಡಲಿಲ್ಲ. ಬೆಳಿಗ್ಗೆ ನಮ್ಮೂರ ಸರ್ಕಾರಿ ಆಸ್ಪತ್ರೆಗೆ ಹೋದೆ. ಆಷಾಢದಲ್ಲಿ ಹೊಸ ಡಾಕ್ಟರು ಬಂದಿದ್ದಾಳೆ. ಸಿಂಧು ಅಂತ, ಮಂಡ್ಯ ಟೌನಿನ ಹುಡುಗಿ. ನನ್ನ ಮಗಳಿಗಿಂತ ಚಿಕ್ಕವಳಿರಬೇಕು. ನಾಲಿಗೆ ಚಾಚಿ ಅಂದಳು, ಚಾಚಿದೆ. ಉಸಿರು ಎಳೀರಿ ಅಂದಳು, ಎಳೆದೆ. ಆಮೇಲೆ ನಾಡಿ ಹಿಡಿದು ಕೂತಳು. ಎಷ್ಟು ಹೊತ್ತು ಹಿಡಿದಳೆಂದರೆ ಕೈ ವಾಪಸ್ ಕೊಡುವುದನ್ನೇ ಮರೆತಳೇನೋ ಅಂದುಕೊಂಡೆ. ಊಟ ಏನು, ನಿದ್ದೆ ಹೇಗೆ, ಆಲೆಮನೆಯ ಹೊಗೆ ಎದೆಗೆ ಹೋಗುತ್ತಾ, ಎಲ್ಲ ಕೇಳಿದಳು. ಅಷ್ಟರಲ್ಲಿ ನಾನು ಅಂಗಿಯ ತೋಳು ಮಡಚಿಕೊಂಡು ರೆಡಿಯಾಗಿದ್ದೆ.

"ಏನಿಲ್ಲ ಪುಟ್ಟಸ್ವಾಮಿಯವರೇ. ಬಿಸಿ ಗಂಜಿ ಕುಡಿದು ಎರಡು ದಿನ ಮಲಗಿ. ಹೋಗುತ್ತೆ."

"ಸೂಜಿ?"

"ಸೂಜಿ ಬೇಡ."

"ಒಂದು ಬಾಟ್ಲಿ ಗ್ಲೂಕೋಸಾದ್ರೂ ಆಕಿ ಮೇಡಮ್ಮು. ಸುಸ್ತಾಗೈತೆ."

"ಗಂಜಿಗೆ ಚಿಟಿಕೆ ಉಪ್ಪು ಹಾಕ್ಕೊಳ್ಳಿ, ಅದೇ ಗ್ಲೂಕೋಸು."

ಐವತ್ತೆಂಟು ವರ್ಷದ ಮನುಷ್ಯ ನಾನು, ಆಸ್ಪತ್ರೆಯ ಸಮಿತಿಗೆ ಮೆಂಬರು. ಗಂಜಿ ಕುಡಿ ಅನ್ನುವುದಕ್ಕೆ ಎಂಬಿಬಿಎಸ್ ಓದಬೇಕೆ? ಅದನ್ನು ನಮ್ಮವ್ವ ಸ್ಕೂಲಿನ ಮೆಟ್ಟಿಲು ಹತ್ತದೆಯೇ ಹೇಳುತ್ತಾಳೆ. ಮಡಚಿದ ತೋಳನ್ನು ಎಲ್ಲರೆದುರಿಗೆ ಬಿಚ್ಚಿಕೊಂಡು ಬಂದೆ. ಮರ್ಯಾದೆ ಹೋಯಿತು.

ನವೆಂಬರ್ 8

ಮದ್ದೂರಿನ ಒಂದು ಪ್ರೈವೇಟು ಕ್ಲಿನಿಕ್ಕಿಗೆ ಹೋಗಿ ಬಂದೆ. ಡಾಕ್ಟರೆಂದರೆ ಅವರು. ಬಾಯಿ ತೆಗೆಯುವುದರೊಳಗೆ ಸೊಂಟದ ಎರಡೂ ಕಡೆ ಸೂಜಿ ಹಾಕಿದರು. ಮಲಗಿಸಿ ಬಾಟಲಿ ಏರಿಸಿದರು. ಅದಕ್ಕೆ ಯಾವುದೋ ಔಷಧಿ ಸೇರಿಸಿದ ಕೂಡಲೇ ಬಾಟಲಿಯ ನೀರೆಲ್ಲ ಹಳದಿ ಬಣ್ಣಕ್ಕೆ ತಿರುಗಿತು. ಆ ಬಣ್ಣ ನೋಡಿಯೇ ಅರ್ಧ ಕಾಯಿಲೆ ಹೋಯಿತು. ಬರುವಾಗ ಎರಡು ಮದ್ದೂರು ವಡೆ ತಿಂದೆ.

"ಜ್ವರ ನೆನ್ನೆ ರಾತ್ರಿನೇ ಬುಟ್ಟಿತ್ತು ಕಣ್ರೀ. ಬೆವರಿ ಎದ್ದು ಎಲ್ಡು ಲೋಟ ಗಂಜಿ ಕುಡುದ್ರಲ್ಲ, ಗ್ಯಾಪ್ಕ ಇಲ್ವಾ?" ಅಂದಳು ಹೆಂಡತಿ ಯಶೋದ.

ಅದು ಬೇರೆ, ಇದು ಬೇರೆ. ಹೆಂಗಸರಿಗೆ ಇದೆಲ್ಲ ತಿಳಿಯುವುದಿಲ್ಲ. ಹಾಗಂತ ಅವಳ ಮುಂದೆ ಹೇಳಲಿಲ್ಲ, ಇಲ್ಲಿ ಬರೆದಿದ್ದೇನೆ.

ನವೆಂಬರ್ 17

ಬೆಳಿಗ್ಗೆ ಟೀ ಅಂಗಡಿಯಲ್ಲಿ ದೊಡ್ಡ ಚರ್ಚೆ. ದ್ಯಾಪಣ್ಣನದೇ ದೊಡ್ಡ ಬಾಯಿ. ಒಂದನೇ ಕ್ಲಾಸಿನಿಂದ ನನ್ನ ಜೊತೆಗಾರ. ಅವನು ಮಾತಿಗೆ ನಿಂತರೆ ವಿಧಾನಸೌಧವೇ ನಮ್ಮೂರಿಗೆ ಬಂದು ಕೈಕಟ್ಟಿ ನಿಂತ ಹಾಗೆ ಇರುತ್ತದೆ.

"ಲೇ ಪುಟ್ಟ, ಸರ್ಕಾರದೋರು ಆಪರೇಸನ್‌ಗೆ ಕಾರ್ಡ್ ಕೊಟ್ಟವ್ರೆ, ಆಂಬುಲೆನ್ಸ್ ಕೊಟ್ಟವ್ರೆ. ಒಂದು ಸೂಜಿ ಕೊಡಕ್ಕೆ ಈವಮ್ಮಂಗೇನ್ಲಾ ರೋಗ? ಸೂಜಿ ಆಕ್ದೆ ಇರೋರು ಡಾಕ್ಟ್ರಾ?"

ಎಲ್ಲರಿಗೂ ಒಂದೊಂದು ದೂರು. ಒಬ್ಬನಿಗೆ ತಲೆನೋವಿಗೆ ಸ್ಕ್ಯಾನಿಂಗಿಗೆ ಚೀಟಿ ಬರೆದುಕೊಡಲಿಲ್ಲ, ಕನ್ನಡಕ ಹಾಕಿಸಿಕೋ ಅಂದಳು. ಇನ್ನೊಬ್ಬನ ಮಗುವಿಗೆ ಭೇದಿ ಆದರೆ ಬಾಟಲಿ ಏರಿಸದೆ ಸಕ್ಕರೆ ಉಪ್ಪಿನ ಪೊಟ್ಟಣ ಕೊಟ್ಟು ಕಳಿಸಿದಳು. ಕನ್ನಡಕ ಹಾಕಿದ ಮೇಲೆ ತಲೆನೋವು ಹೋಯಿತಾ ಅಂತ ನಾನು ಕೇಳಿದೆ. ಹೋಯಿತು, ಆದರೆ ಸ್ಕ್ಯಾನಿಂಗ್ ಮಾಡಿಸಿದ್ದರೆ ಸಮಾಧಾನ ಇರುತ್ತಿತ್ತು ಅಂದ. ಅವನು ಹೇಳುವುದೂ ನ್ಯಾಯವೇ.

ತಾಲ್ಲೂಕಿನ ಹೆಲ್ತ್ ಆಫೀಸರನ್ನು ಕರೆಸಿ ಸಭೆ ಮಾಡಿಸುವುದು, ಡಾಕ್ಟರನ್ನು ಬದಲಾಯಿಸಿ ಅನ್ನುವುದು ಅಂತ ತೀರ್ಮಾನವಾಯಿತು. ಊರ ಪರವಾಗಿ ಮಾತಾಡಬೇಕಾದವನು ನಾನೇ. ಸಮಿತಿಯ ಮೆಂಬರಲ್ಲವೇ.

ನವೆಂಬರ್ 24

ಅವ್ವ ಬಚ್ಚಲಿನ ಹತ್ತಿರ ತಲೆ ಸುತ್ತಿ ಗೋಡೆಗೆ ಒರಗಿ ಕುಸಿದಳು. ಪುಣ್ಯಕ್ಕೆ ಯಶೋದ ಅಲ್ಲೇ ಇದ್ದಳು, ಹಿಡಿದುಕೊಂಡಳು. ಎರಡು ತಿಂಗಳಿಂದ ಹೀಗೇ. ಎದ್ದರೆ ತಲೆ ಸುತ್ತು, ಕೂತರೆ ತೂಕಡಿಕೆ. ಹಿತ್ತಲಿಗೆ ಹೋಗಿ ಸೊಪ್ಪು ಕಿತ್ತು ತರುತ್ತಿದ್ದ ನಮ್ಮವ್ವ ಮಾಯಮ್ಮ ಈಗ ಹಾಸಿಗೆ ಬಿಟ್ಟು ಏಳುವುದಿಲ್ಲ. ನಾನು ಆಲೆಮನೆಯಿಂದ ಓಡಿ ಬಂದೆ. ಮಂಡ್ಯಕ್ಕೆ ಕರೆದುಕೊಂಡು ಹೋಗಿ ತಲೆಗೆ ಸ್ಕ್ಯಾನಿಂಗ್ ಮಾಡಿಸೋಣ ಅಂತ ಕಾರಿಗೆ ಹೇಳುವಷ್ಟರಲ್ಲಿ ಯಶೋದ ಆ ಹುಡುಗಿಗೇ ಫೋನ್ ಮಾಡಿಬಿಟ್ಟಿದ್ದಳು. ಹುಡುಗಿ ಸ್ಕೂಟರಿನಲ್ಲಿ ಮನೆಗೇ ಬಂದಳು.

ಅವ್ವನ ಕೈ ಹಿಡಿದುಕೊಂಡು ಹಾಸಿಗೆಯ ಮೇಲೆ ಕೂತಳು. ಮಲಗಿಸಿ ಒಂದು ಸಲ, ನಿಲ್ಲಿಸಿ ಒಂದು ಸಲ ಬಿಪಿ ನೋಡಿದಳು. "ಅಜ್ಜಿ, ನೀವು ತಗೊಳ್ಳೋ ಮಾತ್ರೆ ಎಲ್ಲ ತೋರಿಸಿ" ಅಂದಳು. ಅವ್ವ ದಿಂಬಿನ ಕೆಳಗಿಂದ ಎಲೆಅಡಿಕೆ ಚೀಲ ತೆಗೆದಳು. ಎಲೆ ಅಡಿಕೆ ಬಿಟ್ಟು ವರ್ಷವಾಯಿತು, ಈಗ ಅದರ ತುಂಬ ಮಾತ್ರೆ. ಮಂಡ್ಯದ ನರ್ಸಿಂಗ್ ಹೋಮಿನವರು ಕೊಟ್ಟದ್ದು, ಮದ್ದೂರಿನವರು ಕೊಟ್ಟದ್ದು, ಮಳವಳ್ಳಿಯ ಕ್ಯಾಂಪಿನಲ್ಲಿ ಕೊಟ್ಟದ್ದು. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ತೋರಿಸಿದರೆ ಅವರಿಗೆ ಬೇಜಾರಾದೀತು ಅಂತ ಅವ್ವ ಯಾರಿಗೂ ತೋರಿಸಿರಲಿಲ್ಲ. ನಾನೇ ಹಾಗೆ ಹೇಳಿಕೊಟ್ಟಿದ್ದೆ. ಡಾಕ್ಟರ ಮುಂದೆ ಇನ್ನೊಬ್ಬ ಡಾಕ್ಟರ ಮಾತೆತ್ತುವುದು ಬೀಗರ ಮನೆಯಲ್ಲಿ ಕೂತು ಇನ್ನೊಬ್ಬ ಬೀಗರನ್ನು ಹೊಗಳಿದಂತಲ್ಲವೆ?

"ಇದು ಬಿಪಿ ಮಾತ್ರೆ. ಇದೂ ಅದೇ. ಕವರ್ ಬೇರೆ, ಹೆಸರು ಬೇರೆ, ಒಳಗಿರೋದು ಒಂದೇ. ಇದು ನಿದ್ದೆ ಮಾತ್ರೆ, ಇದನ್ನ ಬೆಳಿಗ್ಗೆನೂ ತಗೋತಿದಾರೆ" ಅಂತ ಬೇರೆ ಬೇರೆ ಗುಡ್ಡೆ ಮಾಡಿದಳು. ಚಿಕ್ಕ ಗುಡ್ಡೆಯೊಂದನ್ನು ಉಳಿಸಿ, ದೊಡ್ಡ ಗುಡ್ಡೆಯನ್ನು ಕವರಿಗೆ ಸುರಿದುಕೊಂಡು ಹೋದಳು. ದಿನ ಬಿಟ್ಟು ದಿನ ಬಂದು ಬಿಪಿ ನೋಡುತ್ತಾಳಂತೆ.

ಕೈಯಾರೆ ದುಡ್ಡು ಕೊಟ್ಟು ತಂದ ಔಷಧಿ. ಕಾಯಿಲೆಯವರಿಗೆ ಕೊಡುವುದು ಹೋಗಲಿ, ಇದ್ದದ್ದನ್ನೂ ಕಿತ್ತುಕೊಂಡು ಹೋದಳಲ್ಲ! ಈ ಗಲಾಟೆಯಲ್ಲಿ ಎರಡನೇ ಕೊಪ್ಪರಿಗೆಯ ಪಾಕ ತಳ ಹಿಡಿಯಿತು. ಅವ್ವನಿಗೆ ಏನಾದರೂ ಆಗಲಿ, ಆಮೇಲೆ ಇದೆ ಅವಳಿಗೆ.

ನವೆಂಬರ್ 25

ಅವ್ವ ಉಸಿರಾಡುತ್ತಿದ್ದಾಳಾ ಅಂತ ರಾತ್ರಿ ಎದ್ದೆದ್ದು ನೋಡಿದೆ. ಆಡುತ್ತಿದ್ದಳು.

ಡಿಸೆಂಬರ್ 4

ಅವ್ವ ಇವತ್ತು ಯಶೋದಳ ಜೊತೆ ಜಗಳ ಆಡಿದಳು. ಸೊಪ್ಪಿನ ಸಾರಿಗೆ ಹುಣಸೆಹಣ್ಣು ಜಾಸ್ತಿ ಆಯಿತಂತೆ. ಎರಡು ತಿಂಗಳಿಂದ ಮುಂದೆ ಇಟ್ಟದ್ದನ್ನು ಬಾಯಿ ಮುಚ್ಚಿಕೊಂಡು ನುಂಗುತ್ತಿದ್ದವಳು. ಜಗಳ ಮುಗಿಸಿ ತಾನೇ ಹಿತ್ತಲಿಗೆ ನಡೆದುಹೋಗಿ ಕರಿಬೇವು ಕಿತ್ತು ತಂದಳು. ಯಶೋದ ಒಲೆಯ ಮುಂದೆ ಕೂತು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಬೈಸಿಕೊಂಡದ್ದಕ್ಕೆ ಅಳುತ್ತಿದ್ದೀಯಾ ಅಂದರೆ, ಸಂತೋಷಕ್ಕೆ ಅಂದಳು. ಮಂಡ್ಯದ ಟಾನಿಕ್ಕು ನಿಧಾನವಾಗಿ ಕೆಲಸ ಮಾಡಿರಬೇಕು ಅಂದೆ. ಯಶೋದ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ಸಂಜೆ ಸಿಂಧು ಅವ್ವನನ್ನು ನೋಡಿಕೊಂಡು ಹಾಗೇ ಆಲೆಮನೆಗೂ ಬಂದಳು. ಬಂದವರಿಗೆ ಕಬ್ಬಿನ ಹಾಲು ಕೊಡದೆ ಕಳಿಸುವ ಪದ್ಧತಿ ನಮ್ಮಲ್ಲಿಲ್ಲ. ಸಿಟ್ಟು ಬೇರೆ, ಪದ್ಧತಿ ಬೇರೆ. ನಿಂಬೆಹಣ್ಣು ಹಿಂಡಿ ದೊಡ್ಡ ಲೋಟದಲ್ಲಿ ಕೊಟ್ಟೆ. ಕೊಪ್ಪರಿಗೆಗೆ ನಾನು ಬಿಳಿ ಪುಡಿ ಉದುರಿಸುವುದನ್ನು ನೋಡುತ್ತಾ ನಿಂತಳು.

"ಅದೇನು ಪುಟ್ಟಸ್ವಾಮಿಯವರೇ?"

"ಬಣ್ಣ ಬರಕ್ಕೆ. ಬೆಲ್ಲ ಅಳದಿ ಒಡೀತದೆ. ಇದ್ನ ಆಕ್ದಿದ್ರೆ ಕರ್ರಗೆ ಬತ್ತದೆ, ಮಂಡಿಲಿ ಯಾರೂ ಮೂಸಿ ನೋಡಲ್ಲ."

"ಒಳ್ಳೇದಾ ಅದು?"

"ಒಳ್ಳೇದಲ್ಲ. ಗಿರಾಕಿ ಕೇಳ್ತಾನಲ್ಲ."

"ನಿಮ್ಮ ಮನೆಗೆ?"

"ಮನೆಗೆ ಕರೀದೇ. ಬೇರೆ ಕಾಯಿಸ್ಕೋತೀವಿ."

ಉಪದೇಶ ಮಾಡುತ್ತಾಳೆ ಅಂದುಕೊಂಡೆ, ಮಾಡಲಿಲ್ಲ. ನಕ್ಕು ಇನ್ನರ್ಧ ಲೋಟ ಕೇಳಿ ಕುಡಿದಳು. ಮೂಗಿನ ತುದಿಗೆ ನೊರೆ ಅಂಟಿತ್ತು. ಚಿಕ್ಕ ಹುಡುಗಿ, ಪಾಪ. ಆದರೂ ಸಭೆ ಸಭೆಯೇ.

ಡಿಸೆಂಬರ್ 11

ದ್ಯಾಪಣ್ಣನ ತಮ್ಮನ ಮಗಳ ಬೀಗರೂಟ. ಮುದ್ದೆ, ಬೋಟಿ ಗೊಜ್ಜು, ಮಟನ್ ಸಾರು, ಊರಿಗೆ ಊರೇ ಎಲೆಯ ಮುಂದೆ. ದ್ಯಾಪಣ್ಣ ಟವೆಲ್ ಸೊಂಟಕ್ಕೆ ಕಟ್ಟಿ ಬೀಗರಿಗೆ ತಾನೇ ಬಡಿಸುತ್ತಿದ್ದ. ಮುಖ ಮಾತ್ರ ಕಪ್ಪಿಟ್ಟಿತ್ತು. ಯಾಕ್ಲಾ ಅಂದೆ.

"ಬೆಳಿಗ್ಗೆಯಿಂದ ಎದೆ ಒತ್ತುದಂಗೆ ಆಯ್ತದೆ. ಆಸ್ಪತ್ರೆಗೋಗಿದ್ದೆ. ಆವಮ್ಮ ಎದೆಗೆ ವೈರು ಅಂಟ್ಸಿ ಪಟ ತಗುದ್ಲು. ಈಗೇನೂ ಕಾಣ್ತಿಲ್ಲ, ಆದ್ರೂ ಎರಡು ಗಂಟೆ ಇಲ್ಲೇ ಕೂತಿರಿ, ಇನ್ನೊಂದ್ಸಲ ನೋಡ್ಬೇಕು ಅಂದ್ಲು. ಅಷ್ಟೊತ್ಗೆ ಯಾವ್ದೋ ಎರಿಗೆ ಕೇಸು ಬಂತು, ಒಳಿಕ್ಕೋದ್ಲು. ನಾ ಎದ್ದು ಬಂದ್ಬುಟ್ಟೆ."

"ಕೂತಿರು ಅಂದ್ರೆ ಕೂತ್ಕಳಾದಲ್ವೇನ್ಲಾ?"

"ದೊಡ್ಡಪ್ಪ ಆದೋನು ಆಸ್ಪತ್ರೆ ಬೆಂಚಿನ ಮ್ಯಾಲೆ ಕುಂತಿದ್ರೆ ಬೀಗ್ರು ಏನಂದಾರು? ಸೂಜಿನೂ ಆಕ್ಲಿಲ್ಲ, ಸುಮ್ನೆ ಕೂತಿರು ಅಂದ್ರೆ ಅದ್ಯಾವ ಸೀಮೆ ಔಸ್ದಿ?"

ನಾನೂ ನಕ್ಕೆ. ಇನ್ನೊಂದು ಸೌಟು ಸಾರು ಹಾಕಿಸಿಕೊಂಡೆ.

ಡಿಸೆಂಬರ್ 12

ದ್ಯಾಪಣ್ಣನಿಗೆ ಹಾರ್ಟ್ ಅಟ್ಯಾಕ್. ನೆನ್ನೆ ಸಂಜೆ ಎಲೆಗಳನ್ನು ಎತ್ತುವ ಹೊತ್ತಿಗೆ ಬೆವರಿ ಬಿದ್ದ. ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋದೆವು. ಸಿಂಧು ಅವನ ಬಾಯಿಗೆ ಮಾತ್ರೆ ಹಾಕಿ ಅಗಿಸಿ, ಆಂಬುಲೆನ್ಸ್ ಕರೆಸಿ, ತಾನೂ ಹತ್ತಿ ಕೂತಳು. ಮಂಡ್ಯಕ್ಕೆ, ಅಲ್ಲಿಂದ ಮೈಸೂರಿಗೆ. ಸ್ಟೆಂಟ್ ಹಾಕಿದ್ದಾರೆ. ಕಾರ್ಡಿನಲ್ಲೇ ಆಯಿತು. ಉಳಿದುಕೊಂಡ.

ಟೀ ಅಂಗಡಿಯಲ್ಲಿ ಒಂದೇ ಮಾತು: ಬೆಳಿಗ್ಗೆಯೇ ಸೂಜಿ ಹಾಕಿ ಮಂಡ್ಯಕ್ಕೆ ಕಳಿಸಿದ್ದರೆ ಇಷ್ಟಾಗುತ್ತಿತ್ತಾ? ಏನೂ ಇಲ್ಲ ಅಂತ ಕಳಿಸಿಬಿಟ್ಟಳಂತೆ. ಹಾಗಲ್ಲ, ಕೂತಿರು ಅಂದಿದ್ದಳು ಅನ್ನಲು ಬಾಯಿ ತೆಗೆದೆ. ಅಷ್ಟರಲ್ಲಿ ಟೀ ಬಂತು.

ಸಭೆ ಇಪ್ಪತ್ತೇಳಕ್ಕೆ ಅಂತ ನಿಂತಿತು. ಈಗ ಕಾರಣ ಗಟ್ಟಿಯಾಗಿದೆ, ಚೆನ್ನಾಗಿ ಮಾತಾಡಬೇಕು ಅಂತ ಎಲ್ಲ ನನ್ನ ಬೆನ್ನು ತಟ್ಟಿದರು. ದ್ಯಾಪಣ್ಣನ ಯೋಚನೆಯಲ್ಲಿ ಒಂದು ಕೊಪ್ಪರಿಗೆಗೆ ಪುಡಿ ಹಾಕುವುದನ್ನೇ ಮರೆತೆ. ಕರ್ರಗೆ ಬಂದಿದೆ. ಮನೆಗೆ ಇಟ್ಟುಕೊಳ್ಳೋಣ ಅಂದರೆ ಅಷ್ಟು ಬೆಲ್ಲ ಮನೆಯಲ್ಲಿ ಯಾರು ತಿನ್ನುತ್ತಾರೆ.

ಡಿಸೆಂಬರ್ 26

ನಾಳೆಯ ಭಾಷಣವನ್ನು ಯಶೋದಳ ಮುಂದೆ ಒಂದು ಸಲ ಹೇಳಿ ನೋಡಿದೆ. ಅವರೆಕಾಯಿ ಸುಲಿಯುತ್ತಾ ಕೇಳಿದಳು. ಮುಗಿದ ಮೇಲೆ, "ಅತ್ತೆಗೂ ಒಂದ್ಸಲ ಯೋಳಿ, ಒಳಗವ್ರೆ" ಅಂದಳು. ಅವ್ವನ ಮುಂದೆ ಹೇಳಲಿಲ್ಲ.

ಡಿಸೆಂಬರ್ 27

ಸ್ಕೂಲಿನ ಹಜಾರದಲ್ಲಿ ಸಭೆ. ಹೆಲ್ತ್ ಆಫೀಸರ್ ಸಾಹೇಬರು ರಿಪೋರ್ಟು ಹಿಡಿದುಕೊಂಡೇ ಬಂದಿದ್ದರು. ನಮ್ಮೂರ ಆಸ್ಪತ್ರೆಗೆ ಬರುವ ರೋಗಿಗಳು ಕಡಿಮೆ ಆಗಿದ್ದಾರೆ, ಇದು ಮೇಲಿನವರ ಕಣ್ಣಿಗೆ ಬಿದ್ದಿದೆ ಅಂದರು. ರೋಗಿಗಳು ಕಡಿಮೆ ಆದರೆ ಆಸ್ಪತ್ರೆಗೆ ಯಾಕೆ ಕೆಟ್ಟ ಹೆಸರು ಅಂತ ನನಗೆ ಹೊಳೆಯಲಿಲ್ಲ. ಪೊಲೀಸ್ ಸ್ಟೇಷನ್ನಿನಲ್ಲಿ ಕೇಸು ಕಡಿಮೆ ಆದರೆ ಹೊಗಳುತ್ತಾರೆ.

ಸಿಂಧು ಎದ್ದು ನಿಂತಳು. "ಸಾರ್, ಆಪರೇಷನ್ ಆದರೆ ಕಾರ್ಡಿಗೆ ದುಡ್ಡು ಬರುತ್ತೆ. ಬಾಟಲಿ ಹಾಕಿದರೆ ರಿಜಿಸ್ಟರಿಗೆ ಬರುತ್ತೆ. ಒಬ್ಬ ಅಜ್ಜಿ ಹತ್ತಿರ ಅರ್ಧ ಗಂಟೆ ಕೂತು ಬೇಡದ ಮಾತ್ರೆ ಬಿಡಿಸಿದರೆ ಅದು ಯಾವ ಲೆಕ್ಕಕ್ಕೂ ಬರಲ್ಲ. ಸರ್ಕಾರ ಇದನ್ನೂ ಕೆಲಸ ಅಂತ ನೋಡಬೇಕು." ಹಿಂದಿನಿಂದ ಯಾರೋ, "ದ್ಯಾಪಣ್ಣಂಗೆ ಬೇಡದ್ನೇ ಬುಡ್ಸುದ್ರಾ?" ಅಂದರು. ಅವಳು ಕೂತುಬಿಟ್ಟಳು.

ಆಮೇಲೆ ನನ್ನ ಸರದಿ. ಎದ್ದೆ. ಮೈಕು ಹಿಡಿದೆ. ಬಾಯಿಪಾಠ ಮಾಡಿದ್ದು ಒಂದಕ್ಷರವೂ ಬರಲಿಲ್ಲ. "ನಮ್ಮವ್ವ ಈಗ ಹಿತ್ತಲಿಗೆ ನಡ್ಕಂಡೋಗ್ತಾಳೆ" ಅಂದೆ. ಜನ ಕಾಯುತ್ತಿದ್ದರು. ಮೈಕು ವಾಪಸ್ ಕೊಟ್ಟು ಕೂತೆ. ಮಾನ ಹೋಯಿತು.

ಅಷ್ಟರಲ್ಲಿ ಬಾಗಿಲಲ್ಲಿ ದ್ಯಾಪಣ್ಣ. ಮಗನ ಹೆಗಲು ಹಿಡಿದು ನಿಂತಿದ್ದ. ಅರ್ಧ ಆಗಿದ್ದಾನೆ, ಆದರೆ ಬಾಯಿ ಪೂರ್ತಿ ಇದೆ.

"ಲೇ, ಯಾರ್ಲಾ ಅದು ನನ್ ಎಸ್ರು ಎತ್ತಿದ್ದು? ಆವಮ್ಮ ಕೂತಿರು ಅಂದ್ಲು. ನಾನು ಮಟನ್ ವಾಸ್ನೆಗೆ ಎದ್ದು ಬಂದೆ. ಊಟ ಮಾಡುವಾಗ ನೀವೆಲ್ಲ ನನ್ ಎದ್ರಿಗೇ ಇದ್ರಿ, ಒಬ್ನಾದ್ರೂ ಒದ್ದು ಕಳುಸ್ದ್ರಾ ಆಸ್ಪತ್ರೆಗೆ? ಸಾಹೇಬ್ರೆ, ನಿಮ್ ಕಾರ್ಡು ಇಲ್ದಿದ್ರೆ ನಾನು ಇವತ್ತು ಗ್ವಾಡೆ ಮ್ಯಾಲೆ ಪೋಟ ಆಗಿರ್ತಿದ್ದೆ, ಅದ ತೆಗೀಬೇಡಿ. ಈ ಎಣ್ಣುಮಗಳೂ ಇರ್ಲಿ. ಎರಡೂ ಇರ್ಲಿ."

ಸಭೆಯಲ್ಲಿ ನಗು, ಚಪ್ಪಾಳೆ. ಡಾಕ್ಟರು ಇಲ್ಲೇ ಇರುತ್ತಾರೆ ಅಂತ ತೀರ್ಮಾನ. ನನ್ನ ಕಣ್ಣಲ್ಲೂ ನೀರು ಬಂತು, ದ್ಯಾಪಣ್ಣನನ್ನು ಕಂಡು. ಆದರೆ ಸಿಂಧು ನಗಲಿಲ್ಲ. ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ಗೆದ್ದೆಯಲ್ಲ ಮೇಡಮ್ಮು ಅಂದೆ. "ಅವರು ಎದ್ದು ಹೋದದ್ದನ್ನ ನಾನು ನೋಡಬೇಕಿತ್ತು. ಸತ್ತೇಹೋಗಿದ್ದರೆ ಏನ್ ಮಾಡ್ತಿದ್ದೆ?" ಅಂದಳು. ನಲ್ಲಿ ನಿಲ್ಲಿಸಿ ಬಂದೆ.

ಜನವರಿ 5

ಹೊಸ ಡೈರಿ. ಅದೇ ಗೊಬ್ಬರದ ಅಂಗಡಿ.

ಆಸ್ಪತ್ರೆಯಲ್ಲಿ ಈಗ ಜಾತ್ರೆ. ಹೋದವರಿಗೆಲ್ಲ ಸೂಜಿ. ಸುಸ್ತು ಅಂದರೆ ಬಾಟಲಿ. ಎದೆ ಉರಿ ಅಂದರೆ ಮಂಡ್ಯಕ್ಕೆ ಚೀಟಿ, ತಲೆನೋವು ಅಂದರೆ ಸ್ಕ್ಯಾನಿಂಗಿಗೆ ಚೀಟಿ. ಕನ್ನಡಕದವನೂ ಬಿಡದೆ ಹೋಗಿ ಒಂದು ಚೀಟಿ ಬರೆಸಿಕೊಂಡು ಬಂದಿದ್ದಾನೆ. ಡಾಕ್ಟರು ಯಾರನ್ನೂ ಏನೂ ಕೇಳುವುದಿಲ್ಲವಂತೆ, ಬೇಗ ಬೇಗ ಬರೆಯುತ್ತಾಳಂತೆ. ಸಾಹೇಬರು ಫೋನಿನಲ್ಲಿ ಹೊಗಳಿದರಂತೆ. ಊರಿಗೆ ಊರೇ ಖುಷಿ, ಈಗ ದಾರಿಗೆ ಬಂದಳು ಅನ್ನುತ್ತಾರೆ.

ಇದನ್ನೇ ಅಲ್ಲವೆ ನಾವು ಕೇಳಿದ್ದು. ನನಗೂ ಖುಷಿಯೇ ಆಗಬೇಕು. ಪುಡಿ ತೀರಿದೆ, ಮಂಡ್ಯಕ್ಕೆ ಹೋದಾಗ ತರಬೇಕು.

ಜನವರಿ 11

ಅವ್ವನಿಗೆ ಮಂಡಿನೋವು. ಚಳಿಗಾಲದಲ್ಲಿ ಯಾವಾಗಲೂ ಇರುವುದೇ. ಯಶೋದ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಒಂದು ಸೂಜಿ, ಮೂರು ಬಗೆಯ ಮಾತ್ರೆ, ಮಂಡ್ಯದಲ್ಲಿ ಎಕ್ಸ್‌ರೇ, ಆಪರೇಷನ್ ಬೇಕಾ ಅಂತ ಕೇಳಿಕೊಂಡು ಬರಲು ಇನ್ನೊಂದು ಚೀಟಿ. ಮೂರು ತಿಂಗಳ ಹಿಂದೆ ಆಗಿದ್ದರೆ ನಾನೇ ಆ ಚೀಟಿಗೆ ಕುಂಕುಮ ಹಚ್ಚುತ್ತಿದ್ದೆ.

ಅವ್ವ ಬಂದವಳೇ ಗೋಡೆ ಕಡೆ ತಿರುಗಿ ಮಲಗಿದಳು. ಊಟಕ್ಕೂ ಏಳಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ.

"ಏನವ್ವಾ? ಸೂಜಿ ನೋಯ್ತದಾ?"

"ಸೂಜಿ ಎಲ್ಡು ದಿನುಕ್ಕೆ ಮಾಯ್ತದೆ. ಆ ಮೊಗ ಇವತ್ತು ನನ್ ಕೈಯೇ ಇಡೀಲಿಲ್ಲ ಕಣ್ಲಾ ಮಗ. ಮಕಾನೇ ನೋಡ್ಲಿಲ್ಲ. ನಾನೇನ್ ತಪ್ಪು ಮಾಡ್ದೆ?"

ಎಂಬತ್ತು ದಾಟಿದ ಜೀವ. ಕೈ ಹಿಡಿಯಲಿಲ್ಲ ಅಂತ ಊಟ ಬಿಟ್ಟಿದ್ದಾಳೆ. ನಾನು ಅವ್ವನ ಕೈ ಹಿಡಿದುಕೊಂಡೆ. ಅದು ಬೇರೆ ಇದು ಬೇರೆ ಅಂತ ಅವಳಿಗೂ ಗೊತ್ತು, ಆದರೂ ಬಿಡಿಸಿಕೊಳ್ಳಲಿಲ್ಲ.

"ನೀವೋಗಿ ಮಾತಾಡಿ" ಅಂದಳು ಯಶೋದ. ನಾನ್ಯಾಕೆ ಹೋಗಲಿ? ಹೋಗಿ ಏನಂತ ಹೇಳಲಿ? ಸೂಜಿ ಬೇಕು ಅಂತ ಸಭೆ ಕರೆಸಿದವನೇ ಹೋಗಿ ಸೂಜಿ ಬೇಡ ಅನ್ನಲಾ?

ಜನವರಿ 15

ಸಂಕ್ರಾಂತಿ. ಎತ್ತುಗಳಿಗೆ ಕಿಚ್ಚು ಹಾಯಿಸಿದೆವು. ಅವ್ವ ಮನೆ ಬೆಲ್ಲದಲ್ಲೇ ಎಳ್ಳುಬೆಲ್ಲ ಕಲೆಸಿ, ಡಾಕ್ಟರಿಗೆ ಅಂತ ಒಂದು ಪೊಟ್ಟಣ ಕಟ್ಟಿ ನನ್ನ ಕೈಗೆ ಕೊಟ್ಟಳು. "ಆ ಮೊಗ ಸಪ್ಪಗವ್ಳೆ, ಕೊಟ್ಬುಟ್ಟು ಬಾ" ಅಂದಳು. ಆಸ್ಪತ್ರೆಗೆ ರಜ, ಬಾಗಿಲು ಹಾಕಿತ್ತು. ಬಾಗಿಲು ಹಾಕಿರುತ್ತದೆ ಅಂತ ಗೊತ್ತಿದ್ದೇ ಹೋಗಿದ್ದೆ.

ಜನವರಿ 19

ಮಂಡಿಯ ದಲ್ಲಾಳಿ ಫೋನ್ ಮಾಡಿದ್ದ. "ಏನ್ ಗೌಡ್ರೆ, ಎರಡು ಲೋಡೂ ಇಂಗೆ ಕರ್ರಗೆ ಕಳ್ಸಿದೀರಿ, ಪುಡಿ ಆಕಾದು ಮರ್ತ್ರಾ?" ಅಂದ. ಬೇಕಾದ್ರೆ ತಗೋ, ಇಲ್ದಿದ್ರೆ ಬುಡು ಅಂದೆ. ಆಮೇಲೆ ನನಗೇ ಆಶ್ಚರ್ಯವಾಯಿತು. ಏನೋ ಮೈ ಸರಿ ಇಲ್ಲ ಅಂತ ಕಾಣುತ್ತದೆ. ಗಂಟಲು ಕೆರೆಯುತ್ತಿದೆ, ಮೈಕೈ ನೋವು.

ಜನವರಿ 20

ಬೆಳಿಗ್ಗೆ ಜ್ವರ. ಹುಣಸೆಮರದ ತುಂಬ ಕೊಕ್ಕರೆಗಳು ಗೂಡು ಕಟ್ಟುತ್ತಿವೆ, ಅವುಗಳ ಕಟಕಟ ಸದ್ದೇ ತಲೆಗೆ ಬಡಿಯುತ್ತಿತ್ತು. ಯಶೋದ ಶಾಲು ಹೊದಿಸಿದಳು. ಹೊರಡುವಾಗ ಏನನ್ನಿಸಿತೋ, ಅಟ್ಟದ ಡಬ್ಬದಿಂದ ಒಂದು ಉಂಡೆ ಮನೆ ಬೆಲ್ಲ ತೆಗೆದು ಟವೆಲಿನಲ್ಲಿ ಕಟ್ಟಿಕೊಂಡೆ.

ಆಸ್ಪತ್ರೆಯಲ್ಲಿ ಕ್ಯೂ ಬಾಗಿಲ ಆಚೆಗೂ ಇತ್ತು. ನನ್ನ ಸರದಿ ಬಂತು. ಸ್ಟೂಲಿನ ಮೇಲೆ ಕೂತೆ. ಸಿಂಧು ತಲೆ ಎತ್ತಲಿಲ್ಲ.

"ಏನು?"

"ಜರ."

"ನರ್ಸ್, ಇವರಿಗೆ ಒಂದು ಇಂಜೆಕ್ಷನ್" ಅಂದಳು. ಚೀಟಿ ಬರೆಯಲು ಶುರು ಮಾಡಿದಳು. ಅವಳ ಕಣ್ಣ ಕೆಳಗೆ ಕಪ್ಪಾಗಿತ್ತು.

"ಸೂಜಿ ಬ್ಯಾಡ ಕಣವ್ವ" ಅಂದೆ.

ಕ್ಯೂನಲ್ಲಿ ಇದ್ದವರೆಲ್ಲ ಕತ್ತು ಚಾಚಿದರು. ಅವಳು ತಲೆ ಎತ್ತಿದಳು. ಟವೆಲ್ ಬಿಚ್ಚಿ ಬೆಲ್ಲವನ್ನು ಮೇಜಿನ ಮೇಲೆ ಇಟ್ಟೆ. ಕರ್ರಗಿತ್ತು.

"ಇದು ಮನೇದು. ಅಳದಿ ಬೆಲ್ಲ ಮಾಡಕ್ಕೆ ನಂಗೂ ಬತ್ತದೆ, ನಿಂಗೂ ಬತ್ತದೆ. ಗಿರಾಕಿ ಕೇಳ್ತಾನೆ, ಎದ್ರಿಕೆ ಇರ್ತದೆ, ಆಕ್ತೀವಿ. ನಂಗೆ ಗೊತ್ತು. ನಿನ್ ತಪ್ಪಲ್ಲ ಅದು. ಸಬೆ ಮಾಡಿ ನಿನ್ನ ಎದ್ರುಸ್ದೋರು ನಾವೇಯ. ಆದ್ರೆ ನಿಮ್ಮನೇಲಿ ನಿಮ್ಮಪ್ಪಂಗೆ ಜರ ಬಂದ್ರೆ ಏನ್ ಮಾಡ್ತೀಯೋ, ನಂಗೂ ಅದ್ನೇ ಮಾಡು. ನಮ್ಮವ್ವಂಗೂ. ನಾವೇನ್ ಮಂಡಿ ಗಿರಾಕಿಗಳಲ್ಲ, ಮನೆಯೋರು."

ಇಷ್ಟುದ್ದ ಮಾತನ್ನು ಸಭೆಯಲ್ಲಿ ಆಡಿದ್ದರೆ ಹೆಸರು ಬರುತ್ತಿತ್ತು.

ಅವಳು ಬೆಲ್ಲವನ್ನೇ ನೋಡುತ್ತಾ ಕೂತಳು. "ನಾನು ಏನೂ ಇಲ್ಲ ಅಂದು, ಮತ್ತೆ ಏನಾದರೂ ಆದರೆ?" ಅಂದಳು. ನನಗೆ ಮಾತ್ರ ಕೇಳಿಸುವ ಹಾಗೆ ಕೇಳಿದಳು.

"ಕೂತಿರು ಅನ್ನು. ಕೂತ್ಕೋತೀನಿ. ಬೀಗ್ರೂಟ ಇದ್ರೂ ಎದ್ದೋಗಲ್ಲ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ದ್ಯಾಪಣ್ಣನ ಧ್ವನಿ. ಮಾತ್ರೆ ತೆಗೆದುಕೊಂಡು ಹೋಗಲು ಬಂದು ಕ್ಯೂನಲ್ಲೇ ನಿಂತಿದ್ದ. "ನಾನಿಲ್ಲೇ ಬಾಗ್ಲಲ್ಲಿ ಕಾವ್ಲು ಕುಂತ್ಕೋತೀನಿ ಕಣವ್ವ. ಯಾವನ್ ಎದ್ದೋಯ್ತಾನೋ ನೋಡ್ತೀನಿ" ಅಂದ.

ಸಿಂಧು ಕೈ ಚಾಚಿದಳು. ನಾನು ಅಭ್ಯಾಸಬಲದಿಂದ ತೋಳು ಮಡಚಹೋದೆ. ಅವಳು ಮಣಿಕಟ್ಟು ಹಿಡಿದಳು. ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಬೆರಳು ಮೊದಲು ತಣ್ಣಗಿತ್ತು, ಆಮೇಲೆ ಬೆಚ್ಚಗಾಯಿತು. ಊಟ ಏನು, ನಿದ್ದೆ ಹೇಗೆ, ಆಲೆಮನೆಯ ಹೊಗೆ ಎದೆಗೆ ಹೋಗುತ್ತಾ ಅಂತ ಒಂದೊಂದಾಗಿ ಕೇಳಿದಳು. ನಾನು ಒಂದೊಂದಕ್ಕೂ ಸರಿಯಾಗಿ ಉತ್ತರ ಹೇಳಿದೆ. ಎದೆಯ ಸದ್ದು ಕೇಳಿದಳು. ಬಾಯಿ ನೋಡಿದಳು. ಮತ್ತೆ ನಾಡಿ ಹಿಡಿದಳು.

"ಏನಿಲ್ಲ ಪುಟ್ಟಸ್ವಾಮಿಯವರೇ" ಅಂದಳು ಕೊನೆಗೆ. ಅಷ್ಟು ಹೇಳುವುದಕ್ಕೆ ಅವಳಿಗೆ ಎಷ್ಟು ಕಷ್ಟವಾಯಿತು ಅನ್ನುವುದನ್ನು ನಾನು ಹತ್ತಿರದಿಂದ ನೋಡಿದೆ. "ಬಿಸಿ ಗಂಜಿ ಕುಡಿದು ಎರಡು ದಿನ ಮಲಗಿ. ಉಸಿರು ಹಿಡಿದರೆ, ಜ್ವರ ಬಿಡದೆ ಹೋದರೆ ತಕ್ಷಣ ಬನ್ನಿ. ಬರದಿದ್ದರೆ ನಾನೇ ಬರ್ತೀನಿ. ಹೇಗೂ ಸಂಜೆ ಅಜ್ಜಿ ಮಂಡಿ ನೋಡಬೇಕು."

ಹೊರಗೆ ಬರುವಾಗ ಕನ್ನಡಕದವನು ತಡೆದು ಕೇಳಿದ. "ಏನಣ್ಣ, ಸೂಜಿ ಆಕ್ಲಿಲ್ವಾ?"

"ಇಲ್ಲ ಕಣ್ಲಾ" ಅಂದೆ. "ವಳ್ಳೇ ಡಾಕ್ಟ್ರು."

ಜನವರಿ 21

ಗಂಜಿಗೆ ಉಪ್ಪು ಕಡಿಮೆ ಇತ್ತು. ಕುಡಿದೆ.

ಅವ್ವ ಹಿತ್ತಲಿನಲ್ಲಿ ಯಾರನ್ನೋ ಬೈಯುತ್ತಿದ್ದಾಳೆ.